ಜಾರ್ಜ್ ಎವರೆಸ್ಟ್ ಮತ್ತು ದಾಮರಗಿದ್ದದ ರೇಖೆ

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ನೆಲದಲ್ಲಿ ಹಿರಿದಾದ ಪರ್ವತಗಳಿಲ್ಲ. ಜಂಬಿಟ್ಟಿಗೆಯ ಕೆಂಪು ದಿಣ್ಣೆಗಳು, ಎರೆಹೊಲಗಳು, ತಾಂಡೂರಿನ ಹಾಸುಗಲ್ಲಿನ ಗಣಿಗಳು; ಕಣ್ಣಿಗೆ ಕಾಣುವುದು ಇಷ್ಟೇ. ಆದರೂ ಜಗತ್ತಿನ ಅತ್ಯುನ್ನತ ಶಿಖರದ ಎತ್ತರವನ್ನು ಗಣಿಸಲು ಆಧಾರವಾದ ಅಳತೆ ಈ ಸೀಮೆಯನ್ನು ಹಾದುಹೋಗಿದೆ. ನಾರಾಯಣಖೇಡಕ್ಕೆ ಸಮೀಪದ ದಾಮರಗಿದ್ದ ಅದರ ಮುಖ್ಯ ಠಾಣೆಗಳಲ್ಲೊಂದು. (ನಾರಾಯಣಪೇಟೆ ಜಿಲ್ಲೆಯ ಅದೇ ಹೆಸರಿನ ಊರು ಬೇರೆ.) ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ಗ್ರಂಥದ ಲೆಕ್ಕ ಆರಂಭವಾಗುವುದು ಈ ದಾಮರಗಿದ್ದದ ಅಕ್ಷಾಂಶದಿಂದಲೇ.

ಎವರೆಸ್ಟ್ ಹುಟ್ಟಿದ್ದು 1790ರ ಜುಲೈ 4ರಂದು. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿ ದಳವನ್ನು ಸೇರಿ ಭಾರತಕ್ಕೆ ಬಂದನು. ಜಾವಾ ದ್ವೀಪದಲ್ಲಿ ಮೋಜಣಿ ಮಾಡಿ ಹೆಸರು ಪಡೆದ ಮೇಲೆ, 1818ರಲ್ಲಿ ವಿಲಿಯಂ ಲ್ಯಾಂಬ್ಟನ್ನನ ಮುಖ್ಯ ಸಹಾಯಕನಾಗಿ ನೇಮಕಗೊಂಡು ಹೈದರಾಬಾದಿಗೆ ಬಂದನು. ಲ್ಯಾಂಬ್ಟನ್ ಕನ್ನಡ ನಾಡಿಗೆ ಅಪರಿಚಿತನಲ್ಲ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು. ಮರುವರ್ಷ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದವನು. ಸಮತಟ್ಟಾದ ನೆಲದಲ್ಲಿ ಏಳೆಂಟು ಮೈಲಿಯ ಒಂದು ಗೆರೆಯನ್ನು ಸರಪಣಿಯಿಂದ ಅತಿ ಎಚ್ಚರದಿಂದ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದರ ಕಡೆಗಿನ ಕೋನಗಳನ್ನು ನೋಡಿ ತ್ರಿಭುಜ ಕಟ್ಟುವುದು. ಆ ತ್ರಿಭುಜದ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ. ಹೀಗೆ ಕನ್ಯಾಕುಮಾರಿಯಿಂದ ಬಂದ ಸರಪಣಿ 1815ರಲ್ಲಿ ಬೀದರ್ ಸೀಮೆಯನ್ನು ಮುಟ್ಟಿತು. ಅಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆಯಲಾಯಿತು.

1819ರಲ್ಲಿ ಲ್ಯಾಂಬ್ಟನ್ ತನ್ನ ಹೊಸ ಸಹಾಯಕನನ್ನು ಕೃಷ್ಣಾ ಮತ್ತು ಗೋದಾವರಿಗಳ ನಡುವಣ ಕಾಡುಗಳಿಗೆ ಕಳುಹಿಸಿದನು. ಕಾಲ ಮಳೆಗಾಲ. ಬೇಸಿಗೆಯ ಧೂಳು ಮತ್ತು ಬಿಸಿಲಿನ ಅಲೆಯಲ್ಲಿ ದೂರದ ಗುರುತು ನಡುಗುತ್ತದೆ. ಮಳೆ ತೊಳೆದ ಗಾಳಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಕೆಲಸಕ್ಕೆ ಅನುಕೂಲವಾದ ಆ ಕಾಲವೇ ದೇಹಕ್ಕೆ ಮಾರಕವಾಗಿತ್ತು. ಜೊತೆಗಿದ್ದ ನಿಜಾಮನ ಕಾವಲು ಪಡೆಯವರು ತಿರುಗಿಬಿದ್ದಾಗ ಎವರೆಸ್ಟ್ ಅವರ ಕಡೆಗೆ ಬಂದೂಕು ಹಿಡಿಸಿದನು, ಮುಂದಾಳುಗಳಿಗೆ ಛಡಿಯೇಟು ಕೊಡಿಸಿದನು. ಇದನ್ನು ಧೈರ್ಯವೆಂದು ಹೊಗಳುವವರಿದ್ದಾರೆ. ಆದರೆ ಮಳೆಗಾಲ ಮುಗಿಯುವುದರೊಳಗೆ ಯಲ್ಲಾಪುರಂ ಕಾಡಿನಲ್ಲಿ ಜ್ವರ ಎಲ್ಲರನ್ನೂ ಹಿಡಿಯಿತು. ಕಾಯಿಲೆ ಬಿದ್ದವರು ಸುಮಾರು 150 ಜನ. ಹೈದರಾಬಾದಿನಿಂದ ಆನೆ, ಗಾಡಿ, ಪಲ್ಲಕ್ಕಿಗಳು ಎದುರು ಹೋಗಿ ಅವರನ್ನು ಹೊತ್ತು ತಂದವು. ದಾರಿಯಲ್ಲೇ 15 ಮಂದಿ ತೀರಿಕೊಂಡರು. ಅವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಕಾಡಿನ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂಬುದು ಆಗಿನ ನಂಬಿಕೆ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ರೊನಾಲ್ಡ್ ರಾಸ್ ಕಂಡುಕೊಂಡದ್ದು 1897ರಲ್ಲಿ, ಅದೂ ಹೈದರಾಬಾದಿನ ಮಗ್ಗುಲಿನ ಸಿಕಂದರಾಬಾದಿನಲ್ಲಿ.

ಆ ಜ್ವರ ಎವರೆಸ್ಟನನ್ನು ಪೂರ್ತಿ ಬಿಡಲಿಲ್ಲ. ಚೇತರಿಸಿಕೊಳ್ಳಲು ಗುಡ್‌ಹೋಪ್ ಭೂಶಿರಕ್ಕೆ ಹೋಗಿ ಬಂದನು. 1823ರ ಜನವರಿಯಲ್ಲಿ ಲ್ಯಾಂಬ್ಟನ್ ಹಿಂಗಣಘಾಟಿನಲ್ಲಿ ಮರಣಹೊಂದಿದಾಗ ಮೋಜಣಿಯ ಹೊಣೆ ಇವನ ಮೇಲೆ ಬಿದ್ದಿತು. ಕೈಕಾಲು ಸ್ವಾಧೀನ ತಪ್ಪಿ, ಥಿಯೊಡೊಲೈಟಿನ ಮುಂದಿನ ಆಸನಕ್ಕೆ ಇಬ್ಬರು ಎತ್ತಿ ಕೂರಿಸಬೇಕಾದ ಸ್ಥಿತಿಯಲ್ಲಿಯೂ ಮಧ್ಯಭಾರತದ ಸಿರೋಂಜಿನವರೆಗೆ ರೇಖೆಯನ್ನು ಒಯ್ದನು. 1825ರಲ್ಲಿ ಇಂಗ್ಲೆಂಡಿಗೆ ಮರಳಿ, 1830ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ ಹಿಂದಿರುಗಿದನು.

ಸಿಡುಕಿನ, ಹಠದ ಮನುಷ್ಯ. ದೃಷ್ಟಿಗೆ ಅಡ್ಡಬಂದ ಮರ, ಮನೆಗಳನ್ನು ಕೆಡವಿಸಲು ಹಿಂಜರಿಯಲಿಲ್ಲ. ಪ್ರತಿಭೆಯನ್ನು ಗುರುತಿಸುವ ಕಣ್ಣು ಮಾತ್ರ ಇತ್ತು. ಬಂಗಾಳದ ತರುಣ ಗಣಿತಜ್ಞ ರಾಧಾನಾಥ ಸಿಕದಾರ್ ಮತ್ತು ಆರ್ಕಾಟಿನ ಉಪಕರಣ ತಜ್ಞ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಇವನ ಕೈಕೆಳಗೆ ಬೆಳೆದವರು. 1841ರಲ್ಲಿ ಆಂಡ್ರೂ ವಾ ಬೀದರಿನ ಆಧಾರರೇಖೆಯನ್ನು ಹೊಸ ಉಪಕರಣದಿಂದ ಮತ್ತೆ ಅಳೆದನು. ಡೆಹರಾಡೂನಿನಿಂದ ತ್ರಿಭುಜಗಳ ಮೂಲಕ ಇಳಿದುಬಂದ ಲೆಕ್ಕಕ್ಕೂ ನೆಲದ ಮೇಲಿನ ಅಳತೆಗೂ, ಸುಮಾರು ಎಂಟು ಮೈಲಿಯ ಆ ಗೆರೆಯಲ್ಲಿ, ಕಂಡ ವ್ಯತ್ಯಾಸ ಕೆಲವೇ ಅಂಗುಲ. ಎವರೆಸ್ಟನ ಇಡೀ ಬದುಕಿನ ಕೆಲಸ ಸರಿಯೋ ತಪ್ಪೋ ಎಂಬುದು ತೀರ್ಮಾನವಾದದ್ದು ಹೀಗೆ, ಈ ಕೆಂಪುಮಣ್ಣಿನ ಸೀಮೆಯಲ್ಲಿ. 1843ರಲ್ಲಿ ಅವನು ನಿವೃತ್ತನಾದನು.

ಹದಿನೈದನೆಯ ಶಿಖರವೆಂದು ಗುರುತಿಸಲಾಗಿದ್ದ ಹಿಮಾಲಯದ ತುದಿಯನ್ನು ನೋಡಿ ಕೋನಗಳನ್ನು ಅಳೆದದ್ದು ಆಮೇಲೆ. ಅದರ ಲೆಕ್ಕದಲ್ಲಿ ಸಿಕದಾರನ ಪಾತ್ರ ಹಿರಿದು. 1856ರಲ್ಲಿ ಅದರ ಎತ್ತರ 29,002 ಅಡಿಯೆಂದು ಪ್ರಕಟಿಸಿದ ವಾ, ತನ್ನ ಗುರುವಿನ ಹೆಸರನ್ನು ಅದಕ್ಕೆ ಸೂಚಿಸಿದನು. ಎವರೆಸ್ಟನಿಗೆ ಇದು ಒಪ್ಪಿಗೆಯಿರಲಿಲ್ಲ. ಸ್ಥಳೀಯ ಹೆಸರುಗಳನ್ನೇ ಉಳಿಸಬೇಕೆಂಬುದು ಅವನ ಪದ್ಧತಿ. ತನ್ನ ಹೆಸರನ್ನು ಇಲ್ಲಿನ ಜನ ಉಚ್ಚರಿಸಲಾರರೆಂದೂ ಆಕ್ಷೇಪಿಸಿದನು. ಅವನ ಮನೆತನದ ಉಚ್ಚಾರ ಈವ್‌ರೆಸ್ಟ್. ಅದನ್ನು ಇಂಗ್ಲಿಷರೂ ಉಳಿಸಿಕೊಳ್ಳಲಿಲ್ಲ. 1865ರಲ್ಲಿ ಹೆಸರು ಅಧಿಕೃತವಾಯಿತು. 1866ರ ಡಿಸೆಂಬರ್ 1ರಂದು ಅವನು ತೀರಿಕೊಂಡನು.

ಹತ್ತುವ ಪ್ರಯತ್ನಗಳು ಆರಂಭವಾದದ್ದು ಅರ್ಧ ಶತಮಾನದ ಅನಂತರ. 1922ರ ತಂಡದ ಏಳು ಮಂದಿ ಹೊರೆಯಾಳುಗಳು ಹಿಮಪಾತದಲ್ಲಿ ಮಡಿದರು. 1924ರಲ್ಲಿ ಮಲರಿ ಮತ್ತು ಇರ್ವಿನ್ ಮರಳಲಿಲ್ಲ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ತುದಿಯನ್ನು ಮುಟ್ಟಿದರು. 2014ರ ಮೇ 25ರಂದು ಅದೇ ತುದಿಯನ್ನು ಟಿಬೆಟ್ಟಿನ ಕಡೆಯಿಂದ ಏರಿದವರು ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಮಾಲಾವತ್ ಪೂರ್ಣಾ. ಆಗ ಅವರ ವಯಸ್ಸು 13.