ಬೇರಿನಲ್ಲಿದ್ದ ಬಗ್

ಥಾಮಸ್ ಜೆಫರ್ಸನ್ ಅಂದ್ರೆ ಅಮೆರಿಕದ ಮೂರನೇ ಅಧ್ಯಕ್ಷರು, 1776ರ ಸ್ವಾತಂತ್ರ್ಯ ಘೋಷಣೆಯನ್ನ ಬರೆದವರು ಅಂತ ಗೊತ್ತು. ಆದ್ರೆ ಅವರು ದಶಕಗಳ ಕಾಲ ಒಂದೇ ಪ್ರಾಜೆಕ್ಟಲ್ಲಿ ಮತ್ತೆ ಮತ್ತೆ ಫೇಲ್ ಆದ್ರು ಅನ್ನೋದು ನನಗೆ ಇತ್ತೀಚೆಗಷ್ಟೇ ಗೊತ್ತಾಯ್ತು. ತಮ್ಮ ವರ್ಜೀನಿಯಾದಲ್ಲಿ ಯುರೋಪಿನ ದ್ರಾಕ್ಷಿ ಬೆಳೆದು ಒಳ್ಳೇ ವೈನ್ ಮಾಡಬೇಕು ಅನ್ನೋದೇ ಆ ಪ್ರಾಜೆಕ್ಟ್.

ಜೆಫರ್ಸನ್ ಹುಟ್ಟಿದ್ದು 1743ರಲ್ಲಿ. ಓದಿದ್ದು ಕಾನೂನು, ತಲೆ ಮಾತ್ರ ಪಕ್ಕಾ ಇಂಜಿನಿಯರ್‌ದು. ಗುಡ್ಡದ ಮೇಲಿನ ತಮ್ಮ ಮಾಂಟಿಸೆಲೊ ಮನೆಯ ಡಿಸೈನ್ ಅವರದ್ದೇ. ನೇಗಿಲಿನ ಆಕಾರವನ್ನೂ ಲೆಕ್ಕ ಹಾಕಿ ಸುಧಾರಿಸಿದ್ರು.

1773ರಲ್ಲಿ ಫಿಲಿಪ್ಪೊ ಮಾಟ್ಸೆಯಿ ಎಂಬ ಇಟಲಿಯವರು ವರ್ಜೀನಿಯಾಗೆ ಬಂದ್ರು. ಮಾಂಟಿಸೆಲೊ ಪಕ್ಕದಲ್ಲೇ ಅವರು ತೋಟ ಮಾಡೋಕೆ ಜೆಫರ್ಸನ್ ಬೆಂಬಲ ಕೊಟ್ರು. 1774ರ ಮೇ ತಿಂಗಳ ಕೊರೆಯುವ ಹಿಮಕ್ಕೆ ಚಿಗುರು ಹಾಳಾಯ್ತು. ಆಮೇಲೆ ಯುದ್ಧ ಬಂತು. ಮಾಟ್ಸೆಯಿ ಯುರೋಪಿಗೆ ಹೋದ ಮೇಲೆ ಅವರ ಮನೆಯಲ್ಲಿ ಬಾಡಿಗೆಗಿದ್ದ ಜರ್ಮನ್ ಸೇನಾಧಿಕಾರಿಯ ಕುದುರೆಗಳು ಬಳ್ಳಿಗಳನ್ನ ತುಳಿದು ಹಾಕಿದವು.

ಜೆಫರ್ಸನ್ ಬಿಡಲಿಲ್ಲ. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದಾಗ, 1787ರಲ್ಲಿ, ಬರ್ಗಂಡಿ, ಬೋರ್ಡೊ, ಉತ್ತರ ಇಟಲಿ ಎಲ್ಲ ಸುತ್ತಿ ನೋಟ್ಸ್ ಮಾಡ್ಕೊಂಡು ಬಂದ್ರು. 1807ರಲ್ಲಿ, ಅಧ್ಯಕ್ಷರಾಗಿದ್ದಾಗಲೇ, 24 ತಳಿಗಳ 287 ಬಳ್ಳಿಗಳನ್ನ ಮಾಂಟಿಸೆಲೊದಲ್ಲಿ ನೆಡಿಸಿದ್ರು. ಅವೂ ನಿಲ್ಲಲಿಲ್ಲ.

ಚಳಿ ಮತ್ತು ಶಿಲೀಂಧ್ರ ರೋಗಗಳ ಜೊತೆ ಇನ್ನೊಂದು ಶತ್ರು ಮಣ್ಣೊಳಗೇ ಇತ್ತು: ಫಿಲಾಕ್ಸೆರಾ. ಬೇರಿನ ರಸ ಹೀರುವ ಸಣ್ಣ ಕೀಟ, ನಿಜವಾದ ಬಗ್! ಅಮೆರಿಕದ ಕಾಡುದ್ರಾಕ್ಷಿಗಳಿಗೆ ಅದನ್ನ ತಡ್ಕೊಳ್ಳೋ ಶಕ್ತಿ ಇತ್ತು, ಯುರೋಪಿನ ಬಳ್ಳಿಗೆ ಇರಲಿಲ್ಲ. 1860ರ ದಶಕದಲ್ಲಿ ಅದು ಫ್ರಾನ್ಸಿನ ತೋಟಗಳನ್ನೇ ನಾಶ ಮಾಡೋಕೆ ಶುರು ಮಾಡಿತು. ಪರಿಹಾರ ಸರಳ: ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿಯನ್ನ ಕಸಿ ಕಟ್ಟೋದು. ನಮ್ಮ ವಿಜಯಪುರದಲ್ಲೂ ಡಾಗ್‌ರಿಡ್ಜ್ ಅನ್ನೋ ಅಮೆರಿಕದ ಬೇರಿಗೆ ದ್ರಾಕ್ಷಿ ಕಸಿ ಕಟ್ತಾರೆ. ವರ್ಜೀನಿಯಾದಲ್ಲಿ ಇವತ್ತು 300ಕ್ಕೂ ಹೆಚ್ಚು ವೈನರಿಗಳಿವೆ.

ಇದೆಲ್ಲ ನೋಡೋಕೆ ಜೆಫರ್ಸನ್ ಇರಲಿಲ್ಲ. ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, 1826ರ ಜುಲೈ 4ರಂದು, ದೊಡ್ಡ ಸಾಲ ಬಿಟ್ಟು ತೀರಿಕೊಂಡ್ರು.

ಇಷ್ಟಕ್ಕೇ ನಿಲ್ಲಿಸಿದ್ರೆ ಇದು ಛಲದ ಕಥೆ. ಆದ್ರೆ ಮಾಂಟಿಸೆಲೊದಲ್ಲಿ ಅಗೆದು, ನೆಟ್ಟು, ನೀರು ಹಾಕಿದ ಕೈಗಳು ಗುಲಾಮರದ್ದು. ಮನುಷ್ಯರ ಸಮಾನತೆಯ ಬಗ್ಗೆ ಬರೆದ ಜೆಫರ್ಸನ್, ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನ ಗುಲಾಮರಾಗಿ ಇಟ್ಟುಕೊಂಡಿದ್ರು. ಗುಲಾಮಗಿರಿ ತಪ್ಪು ಅಂತ ಬರೆದೂ, ಬಿಡುಗಡೆ ಮಾಡಿದ್ದು ಕೆಲವೇ ಜನರನ್ನ. ಅವರ ಸಾಲ ತೀರಿಸೋಕೆ 1827ರಲ್ಲಿ ನಡೆದ ಹರಾಜಿನಲ್ಲಿ ಮಾರಾಟಕ್ಕಿಟ್ಟಿದ್ದು ಸಾಮಾನುಗಳನ್ನಷ್ಟೇ ಅಲ್ಲ, 130 ಮನುಷ್ಯರನ್ನೂ.

ದ್ರಾಕ್ಷಿ ಬೇರಿನ ಬಗ್ ಆ ಕಾಲದಲ್ಲಿ ಯಾರಿಗೂ ಕಾಣ್ತಿರಲಿಲ್ಲ, ಅದಕ್ಕೆ ಜೆಫರ್ಸನ್‌ರನ್ನ ಬಯ್ಯೋ ಹಾಗಿಲ್ಲ. ಈ ಇನ್ನೊಂದು ಬಗ್ ಮಾತ್ರ ದಿನಾ ಅವರ ಕಣ್ಣೆದುರೇ ಓಡಾಡ್ತಿತ್ತು. ಗೊತ್ತಿದ್ದೂ ಸರಿ ಮಾಡದ ತಪ್ಪಿಗೆ ಏನನ್ನೋಣ, ಗೆಳೆಯರೇ?