ಅನ್ನಾ ಎಸ್ಸಿಂಗರ್

ಅನ್ನಾ ಎಸ್ಸಿಂಗರ್ (ಸೆಪ್ಟೆಂಬರ್ 15, 1879 – ಮೇ 30, 1960) ಜರ್ಮನಿಯಲ್ಲಿ ಜನಿಸಿದ ಯಹೂದಿ ಶಿಕ್ಷಣತಜ್ಞೆ. ಹಿಟ್ಲರನ ಆಡಳಿತ ಆರಂಭವಾದ ವರ್ಷವೇ ತಮ್ಮ ವಸತಿ ಶಾಲೆಯನ್ನು ಮಕ್ಕಳು ಮತ್ತು ಶಿಕ್ಷಕರ ಸಮೇತ ಇಂಗ್ಲೆಂಡಿಗೆ ಸ್ಥಳಾಂತರಿಸಿದವರೆಂದು ಇವರು ಹೆಸರಾಗಿದ್ದಾರೆ. ಕೆಂಟ್ ಪ್ರಾಂತ್ಯದ ಬನ್ಸ್ ಕೋರ್ಟ್ ಎಂಬಲ್ಲಿ ನೆಲೆನಿಂತ ಆ ಶಾಲೆಯಲ್ಲಿ 1948ರವರೆಗೆ ನೂರಾರು ನಿರಾಶ್ರಿತ ಮಕ್ಕಳು ಓದಿದರು. ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ಇವರನ್ನು ಜರ್ಮನ್ ಭಾಷೆಯಲ್ಲಿ 'ಅನ್ನಾ ಅತ್ತೆ' ಎಂಬ ಅರ್ಥದ 'ಟಾಂಟೆ ಅನ್ನಾ' ಎಂದು, ಅದನ್ನೇ ಮೊಟಕುಗೊಳಿಸಿ 'ಟಿ.ಎ.' ಎಂದು ಕರೆಯುತ್ತಿದ್ದರು.

ಬಾಲ್ಯ ಮತ್ತು ಅಮೆರಿಕದ ವರ್ಷಗಳು

ಅನ್ನಾ ದಕ್ಷಿಣ ಜರ್ಮನಿಯ ಉಲ್ಮ್ ನಗರದಲ್ಲಿ ಜನಿಸಿದರು. ಲಿಯೋಪೋಲ್ಡ್ ಮತ್ತು ಫ್ಯಾನಿ ಎಸ್ಸಿಂಗರ್ ದಂಪತಿಗಳ ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಇಪ್ಪತ್ತನೆಯ ವಯಸ್ಸಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿದ್ದ ಬಂಧುವಿನ ಮನೆಗೆ ತೆರಳಿ, ಅಲ್ಲಿಯೇ ವ್ಯಾಸಂಗ ಮುಂದುವರಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಉನ್ನತ ಪದವಿ ಪಡೆದು ಜರ್ಮನ್ ಭಾಷೆಯನ್ನು ಬೋಧಿಸಿದರು. ಕ್ವೇಕರ್ ಪಂಥದವರ ಪರಿಚಯವಾದದ್ದು ಈ ಅವಧಿಯಲ್ಲಿಯೇ. ಯುದ್ಧವನ್ನು ವಿರೋಧಿಸುವ, ಶತ್ರುದೇಶದ ಹಸಿದವರಿಗೂ ಅನ್ನ ನೀಡುವ ಆ ಪಂಥದ ಧೋರಣೆ ಅವರ ಮುಂದಿನ ಬದುಕನ್ನು ರೂಪಿಸಿತು.

ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ಕ್ವೇಕರರ ಪರಿಹಾರ ಕಾರ್ಯದ ಅಂಗವಾಗಿ ಅವರು ಜರ್ಮನಿಗೆ ಮರಳಿದರು. ಸೋಲು ಮತ್ತು ದಿಗ್ಬಂಧನಗಳಿಂದ ಆಹಾರಧಾನ್ಯಕ್ಕೆ ತೀವ್ರ ಅಭಾವವಿದ್ದ ಕಾಲವದು. ಊರೂರಿಗೆ ಹೋಗಿ ನಗರಾಧ್ಯಕ್ಷರನ್ನೂ ಶಾಲಾ ಮುಖ್ಯಸ್ಥರನ್ನೂ ಒಪ್ಪಿಸಿ, ಮಕ್ಕಳಿಗೆ ದಿನಕ್ಕೊಂದು ಬಿಸಿಯೂಟ ಸಿಗುವಂತೆ ಶಾಲೆಗಳಲ್ಲಿ ಅಡುಗೆಮನೆಗಳನ್ನು ತೆರೆಯಿಸುವುದು ಅವರ ಕೆಲಸವಾಗಿತ್ತು.

ಹೆರ್ಲಿಂಗೆನ್ ಶಾಲೆ

ಅನ್ನಾರ ಸಹೋದರಿ ಕ್ಲಾರಾ ಉಲ್ಮ್ ಸಮೀಪದ ಹೆರ್ಲಿಂಗೆನ್ ಗ್ರಾಮದಲ್ಲಿ 1912ರಲ್ಲಿಯೇ ಮಕ್ಕಳ ಆಶ್ರಯಧಾಮವೊಂದನ್ನು ಆರಂಭಿಸಿದ್ದರು. ಅಲ್ಲಿನ ಮಕ್ಕಳು ಬೆಳೆದಂತೆ ಶಾಲೆಯ ಅಗತ್ಯ ಕಂಡುಬಂದಿತು. 1926ರ ಮೇ ತಿಂಗಳಲ್ಲಿ 18 ಮಕ್ಕಳೊಂದಿಗೆ ಆರಂಭವಾದ ವಸತಿ ಶಾಲೆಗೆ ಅನ್ನಾ ಮುಖ್ಯಸ್ಥೆಯಾದರು. ಬಾಲಕ ಬಾಲಕಿಯರು ಒಟ್ಟಿಗೆ ಕಲಿಯುತ್ತಿದ್ದ, ಯಾವ ಮತಕ್ಕೂ ಸೀಮಿತವಾಗದ ಶಾಲೆಯಿದು. ಆದರೂ ಹೆಚ್ಚಿನ ಮಕ್ಕಳು ಯಹೂದಿ ಕುಟುಂಬಗಳಿಂದ ಬಂದವರಾಗಿದ್ದರು. ಶಿಕ್ಷಕರು ಮಕ್ಕಳ ಜೊತೆಯಲ್ಲಿಯೇ ವಾಸಿಸುತ್ತಿದ್ದರು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಆ ವರ್ಷದ ಏಪ್ರಿಲ್‌ನಲ್ಲಿ, ಅವನ ಜನ್ಮದಿನದಂದು, ಶಾಲೆಗಳ ಮೇಲೆ ಸ್ವಸ್ತಿಕ ಧ್ವಜವನ್ನು ಹಾರಿಸಬೇಕೆಂಬ ಆದೇಶ ಹೊರಟಿತು. ಅನ್ನಾ ಆದೇಶವನ್ನು ಮೀರಲಿಲ್ಲ. ಆದರೆ ಅದೇ ದಿನಗಳಿಗೆ ಮಕ್ಕಳೆಲ್ಲರಿಗೂ ಹೊರಸಂಚಾರವನ್ನು ಏರ್ಪಡಿಸಿದರು. ಧ್ವಜ ಖಾಲಿ ಕಟ್ಟಡದ ಮೇಲೆ ಹಾರಾಡಿತು. ಇಂತಹ ಜಾಣ್ಮೆ ಹೆಚ್ಚು ದಿನ ನಡೆಯದೆಂಬುದು ಅವರಿಗೆ ತಿಳಿದಿತ್ತು. ಈ ದುರಾಡಳಿತ ಬೇಗನೆ ಮುಗಿದೀತೆಂದು ಅನೇಕರು ನಂಬಿದ್ದ ಕಾಲದಲ್ಲಿಯೇ ಅವರು ದೇಶ ಬಿಡುವ ನಿರ್ಧಾರ ಕೈಗೊಂಡರು.

ಇಂಗ್ಲೆಂಡಿಗೆ ಸ್ಥಳಾಂತರ

ಇಂಗ್ಲೆಂಡಿನ ಕ್ವೇಕರರ ಹಾಗೂ ಇತರ ಹಿತೈಷಿಗಳ ನೆರವಿನಿಂದ, ಕೆಂಟ್ ಪ್ರಾಂತ್ಯದ ಆಟರ್ಡನ್ ಎಂಬಲ್ಲಿದ್ದ ಬನ್ಸ್ ಕೋರ್ಟ್ ಎಂಬ ಹಳೆಯ ಬಂಗಲೆ ದೊರೆಯಿತು. ಪೋಷಕರಿಗೆ ವಿಷಯವನ್ನು ಗುಟ್ಟಾಗಿ ತಿಳಿಸಿ ಒಪ್ಪಿಗೆ ಪಡೆಯಲಾಯಿತು. 1933ರ ಅಕ್ಟೋಬರ್ 5ರಂದು ಸುಮಾರು 65 ಮಕ್ಕಳು ಮೂರು ತಂಡಗಳಾಗಿ, ಬೇರೆ ಬೇರೆ ಮಾರ್ಗಗಳಲ್ಲಿ, ಶಿಕ್ಷಕರೊಡನೆ ಪ್ರಯಾಣ ಹೊರಟರು. ಅಧಿಕಾರಿಗಳಿಗೆ ಸಂಶಯ ಬಾರದಂತೆ, ರೈಲು ನಿಲ್ದಾಣಗಳಲ್ಲಿ ಬೀಳ್ಕೊಡುವಾಗ ಕಣ್ಣೀರು ಹಾಕಬಾರದೆಂದು ತಂದೆತಾಯಿಯರಿಗೆ ಮೊದಲೇ ಸೂಚಿಸಲಾಗಿತ್ತು.

ಬನ್ಸ್ ಕೋರ್ಟ್‌ನಲ್ಲಿ ಸದಾ ಹಣದ ಕೊರತೆಯಿತ್ತು. ಮಕ್ಕಳು ಪಾಠದ ಜೊತೆಗೆ ತರಕಾರಿ ಬೆಳೆದರು, ಕೋಳಿ ಸಾಕಿದರು, ಅಡುಗೆ ಮತ್ತು ದುರಸ್ತಿ ಕೆಲಸಗಳಲ್ಲಿ ಪಾಲ್ಗೊಂಡರು. ಶಿಕ್ಷಕವರ್ಗದಲ್ಲಿ ಕೆಲಸ ಕಳೆದುಕೊಂಡು ಬಂದ ವಿದ್ವಾಂಸರಿದ್ದರು. ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಶಿಕ್ಷಕ ವೃತ್ತಿಯಿಂದ ವಜಾಗೊಂಡಿದ್ದ ಹನ್ನಾ ಬೆರ್ಗಾಸ್ ಅವರಲ್ಲೊಬ್ಬರು. ನಾಟಕ ನಿರ್ದೇಶಕ ವಿಲ್ಹೆಲ್ಮ್ ಮಾರ್ಕ್‌ವಾಲ್ಡ್ ತೋಟದ ಕೆಲಸವನ್ನೂ ಬಾಯ್ಲರ್ ಕಾಯುವ ಕೆಲಸವನ್ನೂ ನೋಡಿಕೊಳ್ಳುತ್ತ, ಮಕ್ಕಳಿಂದ ನಾಟಕಗಳನ್ನು ಆಡಿಸಿದರು. ಆರಂಭದಲ್ಲಿ ಅನುಮಾನದಿಂದ ನೋಡಿದ ಇಂಗ್ಲಿಷ್ ಶಾಲಾ ತಪಾಸಣಾಧಿಕಾರಿಗಳು ಕೆಲವೇ ಕಾಲದಲ್ಲಿ ಶಾಲೆಗೆ ಮಾನ್ಯತೆ ನೀಡಿದರು.

ಡೋವರ್‌ಕೋರ್ಟ್ ಶಿಬಿರ

1938ರ ನವೆಂಬರ್ 9 ಮತ್ತು 10ರಂದು ಜರ್ಮನಿಯಾದ್ಯಂತ ಯಹೂದಿಗಳ ಮೇಲೆ ನಡೆದ ದಾಳಿಯ ನಂತರ, ಹದಿನೇಳು ವರ್ಷದೊಳಗಿನ ಮಕ್ಕಳನ್ನು ಪೋಷಕರಿಲ್ಲದೆಯೇ ಬರಮಾಡಿಕೊಳ್ಳಲು ಬ್ರಿಟಿಷ್ ಸರ್ಕಾರ ಒಪ್ಪಿತು. 'ಕಿಂಡರ್‌ಟ್ರಾನ್ಸ್‌ಪೋರ್ಟ್' ಎಂದು ಹೆಸರಾದ ಈ ಏರ್ಪಾಡಿನಲ್ಲಿ ಯುದ್ಧ ಆರಂಭವಾಗುವುದರೊಳಗೆ ಸುಮಾರು 10,000 ಮಕ್ಕಳು ಬಂದರು. ಮೊದಲ ತಂಡ ಡಿಸೆಂಬರ್ 2ರಂದು ಹ್ಯಾರಿಚ್ ಬಂದರಿಗೆ ತಲುಪಿತು. ಮನೆ ಗೊತ್ತಾಗಿಲ್ಲದ ಮಕ್ಕಳಿಗಾಗಿ ಬಂದರಿನ ಬಳಿಯ ಡೋವರ್‌ಕೋರ್ಟ್‌ನಲ್ಲಿದ್ದ ಬೇಸಿಗೆ ವಿಹಾರಧಾಮವೊಂದನ್ನು ಪಡೆಯಲಾಯಿತು. (ಇದು ಎಸೆಕ್ಸ್ ಪ್ರಾಂತ್ಯದ ಊರು, ಕೆಂಟ್‌ನ ಡೋವರ್ ಬಂದರಿಗೂ ಇದಕ್ಕೂ ಸಂಬಂಧವಿಲ್ಲ.) ಸ್ವಾಗತ ಶಿಬಿರವನ್ನು ವ್ಯವಸ್ಥೆಗೊಳಿಸಲು ಅನ್ನಾರನ್ನು ಕೋರಲಾಯಿತು. ಹನ್ನಾ ಬೆರ್ಗಾಸ್ ಮೊದಲಾದ ಶಿಕ್ಷಕರನ್ನೂ ಕೆಲವು ಹಿರಿಯ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಅವರು ಅಲ್ಲಿಗೆ ಹೋದರು.

ಬೇಸಿಗೆಗೆಂದು ಕಟ್ಟಿದ ತೆಳುಗೋಡೆಯ ಮರದ ಕುಟೀರಗಳಲ್ಲಿ ಆ ಚಳಿಗಾಲವನ್ನು ಕಳೆಯುವುದು ಕಷ್ಟವಾಗಿತ್ತು. ಹಿಮ ಬಿದ್ದ ದಿನಗಳಲ್ಲಿ ಮಕ್ಕಳು ಕೋಟು ತೊಟ್ಟೇ ದೊಡ್ಡ ಊಟದ ಸಭಾಂಗಣದಲ್ಲಿ ಕೂರುತ್ತಿದ್ದರು. ಅನ್ನಾ ಅಲ್ಲಿ ಇಂಗ್ಲಿಷ್ ಭಾಷೆಯ ಮತ್ತು ಇಂಗ್ಲಿಷರ ರೀತಿನೀತಿಗಳ ಪಾಠಗಳನ್ನು ಆರಂಭಿಸಿದರು, ದಿನಚರಿಯನ್ನು ರೂಪಿಸಿದರು.

ಚಳಿಗಿಂತಲೂ ಅವರನ್ನು ನೋಯಿಸಿದ್ದು ಮಕ್ಕಳನ್ನು ಆರಿಸುವ ಪದ್ಧತಿ. ಸಾಕಲು ಮುಂದೆ ಬಂದ ದಂಪತಿಗಳು ವಾರಾಂತ್ಯದಲ್ಲಿ ಶಿಬಿರಕ್ಕೆ ಬಂದು, ಮಕ್ಕಳು ಊಟಕ್ಕೆ ಕುಳಿತಿರುವಾಗ ಮೇಜುಗಳ ನಡುವೆ ಓಡಾಡಿ ತಮಗೆ ಹಿಡಿಸಿದವರನ್ನು ಗುರುತಿಸುತ್ತಿದ್ದರು. ಮುದ್ದಾದ ಪುಟ್ಟ ಮಕ್ಕಳು ಬೇಗ ಹೋದರು. ಹದಿಹರೆಯದ ಹುಡುಗರು ವಾರಗಟ್ಟಲೆ ಉಳಿದರು. ತಾವು ಯಾರಿಗೂ ಬೇಡವಾದವರೆಂಬ ಭಾವ ಅವರಲ್ಲಿ ಬೇರೂರಿತು. ಬಂದ ದಂಪತಿಗಳಲ್ಲಿ ಬಹುಪಾಲು ಜನರ ಕರುಣೆ ನಿಜವಾದದ್ದೇ. ಆದರೆ ಮಗುವಿನ ಸ್ವಭಾವಕ್ಕೂ ಮನೆಗೂ ಹೊಂದಾಣಿಕೆಯಾಗುವುದೇ ಎಂದು ವಿಚಾರಿಸಲು ಸಮಯವಾಗಲಿ ಸಿಬ್ಬಂದಿಯಾಗಲಿ ಇರಲಿಲ್ಲ. ಕುಟೀರಗಳನ್ನು ಬೇಗ ತೆರವುಗೊಳಿಸದಿದ್ದರೆ ಮುಂದಿನ ಹಡಗಿನ ಮಕ್ಕಳಿಗೆ ಸ್ಥಳವಿಲ್ಲ ಎಂಬ ಒತ್ತಡದ ಮುಂದೆ ಅನ್ನಾರ ಆಕ್ಷೇಪ ನಡೆಯಲಿಲ್ಲ.

ಅವರೂ ಆರಿಸಬೇಕಾಯಿತು. ಬನ್ಸ್ ಕೋರ್ಟ್‌ನಲ್ಲಿ ಉಳಿದಿದ್ದ ಹಾಸಿಗೆಗಳು ಬೆರಳೆಣಿಕೆಯಷ್ಟು. ಶಿಬಿರದಿಂದ ಅವರು ಕರೆದೊಯ್ದ ಕೆಲವರಲ್ಲಿ ಮೊದಲ ತಂಡದಲ್ಲಿ ಬಂದಿದ್ದ ಲೋಥರ್ ಬರೂಖ್ ಎಂಬ ಹದಿಮೂರರ ಹುಡುಗನೂ ಇದ್ದನು. ಆತ ಮುಂದೆ ಲೆಸ್ಲಿ ಬ್ರೆಂಟ್ ಎಂಬ ಹೆಸರಿನಿಂದ ರೋಗನಿರೋಧಶಾಸ್ತ್ರದ ಪ್ರಸಿದ್ಧ ವಿಜ್ಞಾನಿಯಾದರು. ಪೀಟರ್ ಮೆಡಾವರ್ ಅವರಿಗೆ 1960ರ ನೊಬೆಲ್ ಪ್ರಶಸ್ತಿ ತಂದ ಸಂಶೋಧನೆಯಲ್ಲಿ ಸಹವರ್ತಿಯಾಗಿದ್ದರು. ಇಂತಹ ಯಶಸ್ಸಿನ ಕಥೆಗಳನ್ನು ಹೇಳುವಾಗ, ಹಾಸಿಗೆ ಸಾಲದೆ ಶಿಬಿರದಲ್ಲಿಯೇ ಉಳಿದುಹೋದ ಹುಡುಗರನ್ನೂ ನೆನೆಯಬೇಕಾಗುತ್ತದೆ.

ಯುದ್ಧದ ವರ್ಷಗಳು

1940ರ ಬೇಸಿಗೆಯಲ್ಲಿ ಫ್ರಾನ್ಸ್ ಸೋತು, ಕೆಂಟ್ ಪ್ರಾಂತ್ಯ ರಕ್ಷಣಾ ವಲಯವಾಯಿತು. ಜರ್ಮನಿಯಿಂದ ಓಡಿಬಂದಿದ್ದವರೇ ಕಾನೂನಿನ ದೃಷ್ಟಿಯಲ್ಲಿ 'ಶತ್ರುದೇಶದ ಪ್ರಜೆ'ಗಳಾದರು. ಪುರುಷ ಶಿಕ್ಷಕರನ್ನೂ ಹದಿನಾರು ತುಂಬಿದ ಹುಡುಗರನ್ನೂ ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಕೆಲವೇ ದಿನಗಳಲ್ಲಿ ಜಾಗ ಬಿಡಬೇಕೆಂಬ ಆಜ್ಞೆ ಬಂದಾಗ ಅನ್ನಾ ಶಾಲೆಯನ್ನು ಮತ್ತೊಮ್ಮೆ ಹೊತ್ತು ನಡೆಯಬೇಕಾಯಿತು. ಶ್ರಾಪ್‌ಶೈರ್ ಪ್ರಾಂತ್ಯದ ವೆಮ್ ಸಮೀಪ ಟ್ರೆಂಚ್ ಹಾಲ್ ಎಂಬ ಕಟ್ಟಡ ದೊರೆತು, ಯುದ್ಧ ಮುಗಿಯುವವರೆಗೂ ಶಾಲೆ ಅಲ್ಲಿಯೇ ನಡೆಯಿತು. ಈ ವೇಳೆಗೆ ಅವರ ದೃಷ್ಟಿ ಕುಂದತೊಡಗಿತ್ತು.

ಮಕ್ಕಳಿಗೆ ತಂದೆತಾಯಿಯರಿಂದ ಬರುತ್ತಿದ್ದ ಪತ್ರಗಳು ಒಂದೊಂದಾಗಿ ನಿಂತವು. 1939ರಲ್ಲಿ ಏಳು ವರ್ಷದವನಾಗಿ ಬರ್ಲಿನ್‌ನಿಂದ ಬಂದಿದ್ದ, ಮುಂದೆ ಬ್ರಿಟನ್ನಿನ ಪ್ರಮುಖ ಚಿತ್ರಕಾರರಲ್ಲೊಬ್ಬರಾದ ಫ್ರಾಂಕ್ ಆವರ್‌ಬಾಕ್ ಅಂತಹ ಮಕ್ಕಳಲ್ಲೊಬ್ಬರು; ಅವರ ತಂದೆತಾಯಿಯರನ್ನು ನಾಜಿಗಳು ಕೊಂದರು. ರಜೆಯಲ್ಲಿ ಹೋಗಲು ಬೇರೆ ಮನೆಯಿಲ್ಲದ ಮಕ್ಕಳಿಗಾಗಿ ಶಾಲೆ ರಜೆಯಲ್ಲಿಯೂ ತೆರೆದಿರುತ್ತಿತ್ತು.

ಕೊನೆಯ ದಿನಗಳು

ಯುದ್ಧಾನಂತರ ನಾಜಿ ಶಿಬಿರಗಳಿಂದ ಬದುಕಿ ಬಂದ ಕೆಲವು ಮಕ್ಕಳನ್ನು ಶಾಲೆ ಸೇರಿಸಿಕೊಂಡಿತು. ವರ್ಷಗಟ್ಟಲೆ ಪುಸ್ತಕ ಮುಟ್ಟದ, ರೊಟ್ಟಿಯನ್ನು ಬಚ್ಚಿಟ್ಟುಕೊಳ್ಳುವುದೇ ಅಭ್ಯಾಸವಾಗಿದ್ದ ಈ ಮಕ್ಕಳಿಗೆ ಪಾಠಕ್ಕಿಂತ ಮೊದಲು ನಂಬಿಕೆಯನ್ನು ಕಲಿಸಬೇಕಾಗಿತ್ತು. 1946ರಲ್ಲಿ ಬನ್ಸ್ ಕೋರ್ಟ್‌ಗೆ ಮರಳಿದ ಶಾಲೆ 1948ರಲ್ಲಿ ಮುಚ್ಚಿತು. ಹಳೆಯ ವಿದ್ಯಾರ್ಥಿಗಳೊಂದಿಗೆ ಪತ್ರವ್ಯವಹಾರ ನಡೆಸುತ್ತ ಅನ್ನಾ ಅಲ್ಲಿಯೇ ನೆಲೆಸಿದ್ದು, 1960ರ ಮೇ 30ರಂದು ನಿಧನರಾದರು. ಉಲ್ಮ್ ನಗರದ ಎರಡು ಶಾಲೆಗಳಿಗೆ ಅವರ ಹೆಸರನ್ನಿಡಲಾಗಿದೆ.