ಮೂರು ಬೆರಳಿನ ಬ್ರೌನ್

ಕಳೆದ ಸೆಮಿಸ್ಟರ್ ಪರೀಕ್ಷೆಗೆ ಎರಡು ವಾರ ಇತ್ತು. ಲೇತ್ ಮೇಲಿನ ಲೋಹದ ಚೂರುಗಳನ್ನು ಬ್ರಷ್‌ ಬದಲು ಬರಿಗೈಯಲ್ಲಿ ತೆಗೆಯಲು ಹೋಗಿ ಬಲಗೈ ತೋರುಬೆರಳು ಸೀಳಿಕೊಂಡೆ. ತಪ್ಪು ನನ್ನದೇ. ನಾಲ್ಕು ಹೊಲಿಗೆ ಬಿತ್ತು. ಪೆನ್ನು ಹಿಡಿಯಲಾಗದೆ ಎರಡು ಪೇಪರ್ ಬ್ಯಾಕ್ ಉಳಿದವು. ಬಿಇ ಸಹವಾಸವೇ ಸಾಕು ಎನಿಸಿದ್ದ ಆ ದಿನಗಳಲ್ಲಿ ನಾನು ಓದಿದ್ದು ಅಮೆರಿಕದ ಬೇಸ್‌ಬಾಲ್ ಆಟಗಾರ ಮಾರ್ಡೆಕಾಯ್ ಬ್ರೌನ್ ಕಥೆ.

ಬ್ರೌನ್ ಹುಟ್ಟಿದ್ದು 1876ರಲ್ಲಿ, ಇಂಡಿಯಾನಾ ರಾಜ್ಯದ ಹಳ್ಳಿಯೊಂದರಲ್ಲಿ. ಚಿಕ್ಕವನಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಸಿಕ್ಕಿ, ತೋರುಬೆರಳಿನ ಬಹುಭಾಗ ಹೋಯಿತು. ಅದು ವಾಸಿಯಾಗುವ ಮೊದಲೇ ಬಿದ್ದು ಉಳಿದ ಬೆರಳುಗಳೂ ಮುರಿದವು. ನಡುಬೆರಳು ಸೊಟ್ಟಗೇ ಕೂಡಿಕೊಂಡಿತು. ಬೆಳೆದ ಮೇಲೆ ಹೊಟ್ಟೆಪಾಡಿಗೆ ಕಲ್ಲಿದ್ದಲು ಗಣಿಯ ಕೆಲಸ, ಬಿಡುವಿನಲ್ಲಿ ಆಟ.

ಬೇಸ್‌ಬಾಲ್‌ನ ಪಿಚರ್ ಎಂದರೆ ನಮ್ಮ ಕ್ರಿಕೆಟ್‌ನ ಬೌಲರ್ ಇದ್ದಂತೆ. ಆದರೆ ಚೆಂಡನ್ನು ನೆಲಕ್ಕೆ ಪುಟಿಸದೆ ಎಸೆಯಬೇಕು. ಪಿಚ್‌ನ ಸಹಾಯವಿಲ್ಲ, ಇರುವುದು ಬೆರಳು ಕೊಡುವ ತಿರುಗುವಿಕೆ ಮತ್ತು ಗಾಳಿ ಮಾತ್ರ. ಬ್ರೌನ್‌ನ ಮೊಂಡು ಬೆರಳು, ಸೊಟ್ಟ ಬೆರಳು ಸೇರಿ ಚೆಂಡಿಗೆ ವಿಚಿತ್ರ ತಿರುವು ಕೊಡುತ್ತಿದ್ದವು. ಬ್ಯಾಟರ್ ಹತ್ತಿರ ಬರುವಾಗ ಅದು ತಟ್ಟನೆ ಕೆಳಗಿಳಿಯುತ್ತಿತ್ತು!

ಹಾಗಂತ ಅದೃಷ್ಟ ಕೂಡಲೇ ಖುಲಾಯಿಸಲಿಲ್ಲ. ದೊಡ್ಡ ಲೀಗ್‌ಗೆ ಬಂದದ್ದು 1903ರಲ್ಲಿ, 26ನೇ ವಯಸ್ಸಿಗೆ. ಸೇಂಟ್ ಲೂಯಿಸ್ ಪರ ಆಡಿದ ಆ ವರ್ಷ 9 ಗೆಲುವು, 13 ಸೋಲು. ಒಂದೇ ವರ್ಷಕ್ಕೆ ಆ ತಂಡ ಆತನನ್ನು ಷಿಕಾಗೋ ಕಬ್ಸ್‌ಗೆ ಬಿಟ್ಟುಕೊಟ್ಟಿತು. 1906ರಲ್ಲಿ ಅದೇ ಬ್ರೌನ್ 26 ಪಂದ್ಯ ಗೆದ್ದ. ಒಂಬತ್ತು ಇನಿಂಗ್ಸ್‌ಗೆ ಆತ ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಬರೀ 1.04. ಅಲ್ಲಿಂದ ಸತತ ಆರು ವರ್ಷ, ಪ್ರತಿ ವರ್ಷ 20 ಅಥವಾ ಹೆಚ್ಚು ಗೆಲುವು.

1908ರಲ್ಲಿ ಲೀಗ್ ಪ್ರಶಸ್ತಿ ನಿರ್ಧರಿಸುವ ಪಂದ್ಯ ನ್ಯೂಯಾರ್ಕ್‌ನಲ್ಲಿ ನಡೆಯಿತು. ಎದುರಿಗಿದ್ದದ್ದು ಆ ಕಾಲದ ಮಹಾನ್ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್. ಮೊದಲ ಇನಿಂಗ್ಸ್‌ನಲ್ಲೇ ಕಬ್ಸ್‌ನ ಪಿಚರ್ ತಡವರಿಸಿದಾಗ ಬ್ರೌನ್ ಚೆಂಡು ಕೈಗೆತ್ತಿಕೊಂಡ. ಕಬ್ಸ್ 4–2ರಿಂದ ಗೆದ್ದಿತು, ಆ ಬಳಿಕ ವರ್ಲ್ಡ್ ಸೀರೀಸನ್ನೂ ಗೆದ್ದಿತು.

ಒಟ್ಟು 239 ಗೆಲುವು ಗಳಿಸಿದ ಬ್ರೌನ್ 1948ರಲ್ಲಿ ತೀರಿಕೊಂಡ. ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು ಮರುವರ್ಷ. ಅದನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ.

ಬೆರಳು ಹೋದದ್ದೇ ಒಳ್ಳೆಯದಾಯಿತು ಎಂದು ನಾನು ಹೇಳಲಾರೆ. ಆ ನೋವು ಎಂಥದ್ದು ಎಂದು ನಾಲ್ಕು ಹೊಲಿಗೆಯಲ್ಲೇ ಗೊತ್ತಾಗಿದೆ. ಆದರೆ ಉಳಿದ ಬೆರಳಲ್ಲೇ ಚೆಂಡು ಹಿಡಿಯುವುದನ್ನು ಆತ ಕಲಿತ. ನಾನು ನಡುಬೆರಳು, ಹೆಬ್ಬೆರಳಲ್ಲಿ ಪೆನ್ನು ಹಿಡಿಯುವುದನ್ನು ಕಲಿತೆ. ಅಕ್ಷರ ಸೊಟ್ಟಗಿದೆ. ಈ ಸಲ ಎರಡೂ ಪೇಪರ್ ಬರೆದಿದ್ದೇನೆ. ಫಲಿತಾಂಶ ಇನ್ನೂ ಬರಬೇಕು.